ಟ್ಯೂಬಿಗೆ ನೆರಳು, ಕೂಸಿಗೆ ಬೆಳಕು

ನಮ್ಮ ಲ್ಯಾಬಿನ ಫ್ರಿಜ್ಜಿನ ಮೇಲೆ ಚಪಾತಿ ಸುತ್ತುವ ಫಾಯಿಲ್ ಪೇಪರಿನ ಒಂದು ಸುರುಳಿ ಯಾವಾಗಲೂ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಹೋದ ವಾರ ಅದರಿಂದ ಒಂದು ತುಂಡು ಹರಿದು ತನ್ನ ಊಟದ ರೊಟ್ಟಿಗೆ ಸುತ್ತಿದಳು. ನಾನು ಗದರಿಸಿದೆ. ಗದರಿಸಿದ ಮೇಲೆ ನನಗೇ ನಗು ಬಂತು, ಯಾಕೆಂದರೆ ಆ ಫಾಯಿಲ್ ನಮ್ಮ ಲ್ಯಾಬಿಗೆ ಮೊದಲು ಬಂದದ್ದೇ ಒಬ್ಬರ ಊಟದ ಡಬ್ಬಿಯಿಂದ. "ಯಾರ ಡಬ್ಬಿ?" ಎಂದು ಅವಳು ಕೇಳಿದಳು. ರಕ್ತ ಕೊಡಲು ಬಂದವರು ಸಾಲುಗಟ್ಟಿ ನಿಂತಿದ್ದರು, ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಉತ್ತರ ಕರ್ನಾಟಕದ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು ವಾಡಿಕೆ. ಧಾರವಾಡದ ಕಡೆಯ ಯಾವುದೋ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದವರು, ಗಂಡನಿಗೆ ಬಂದರಿನಲ್ಲಿ ನೌಕರಿ ಸಿಕ್ಕಿತೆಂದು ಗೋವಾಕ್ಕೆ ಬಂದು, ಸಾಂಕೋಲೆಯ ನಮ್ಮ ಪುಟ್ಟ ಲ್ಯಾಬಿನ ರಕ್ತಪರೀಕ್ಷೆಯ ವಿಭಾಗ ನೋಡಿಕೊಂಡರು. ಅದಕ್ಕಿಂತ ಹೆಚ್ಚಿನ ಕಥೆಯನ್ನು ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಿರಲಿಲ್ಲ. ಸುತ್ತಲಿನ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ನಮ್ಮ ಜನಕ್ಕೆ ಆ ಪರಸ್ಥಳದಲ್ಲಿ "ಬರ್ರಿ, ಕುಂದರ್ರಿ, ಯಾವ ಊರ್ರಿ ನಿಮ್ಮದು?" ಎನ್ನುವ ದನಿ ಕೇಳಿದರೆ ಅರ್ಧ ಕಾಯಿಲೆ ಅಲ್ಲೇ ಇಳಿಯುತ್ತಿತ್ತು. ಈ ಮಳೆಗಾಲದಲ್ಲಿ ಅವರು ತೀರಿಕೊಂಡರು.

ನನಗೆ ಮೊದಲು ನೆನಪಾಗುವುದು ಅವರು ಕಿಟಕಿಯ ಹತ್ತಿರ ನಿಲ್ಲುವ ಭಂಗಿ. ಯಾವ ದ್ರವವೇ ಇರಲಿ, ಕೈಗೆ ಬಂದ ಕೂಡಲೇ ಕಿಟಕಿಗೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಮೂಲಕ ಬೆಳಕನ್ನು ನೋಡಬೇಕು. ರೋಗಿಯ ರಕ್ತದ ತಿಳಿ, ಅಂದರೆ ಸೀರಮ್, ಆದರೆ ಸರಿ. ಅವರು ಚಹಾವನ್ನೂ ಹಾಗೇ ನೋಡುತ್ತಿದ್ದರು. ಒಮ್ಮೆ ನಮ್ಮ ಸಹೋದ್ಯೋಗಿಯ ಮದುವೆಯಲ್ಲಿ ಪಾನಕದ ಲೋಟ ಎತ್ತಿ ದೀಪಕ್ಕೆ ಹಿಡಿದಾಗ ಬೀಗರು ಅದರಲ್ಲಿ ಏನೋ ಬಿದ್ದಿದೆ ಎಂದು ಗಾಬರಿಯಾಗಿ ಇಡೀ ಪಾತ್ರೆಯನ್ನೇ ಬದಲಿಸಿಬಿಟ್ಟರು. ಅಕ್ಕೋರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಎರಡನೆಯ ಲೋಟವನ್ನೂ ಎತ್ತಿ ಹಿಡಿದರು.

ನಾನು ಊರು ಬಿಟ್ಟು ಬಂದು ಗೋವಾದ ಕಾಣಕೋಣದ ಸಮುದ್ರದಂಡೆಯಲ್ಲಿ ಮಣಿಸರ ಮಾರುವವರ ಮಗಳು. ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ ಕೆಲಸ ಕೇಳಲು ಹೋದ ದಿನ ಅವ್ವನೂ ಬಂದಿದ್ದಳು. ಒಂದು ದಿನದ ವ್ಯಾಪಾರ ಯಾಕೆ ಕಳೆದುಕೊಳ್ಳುವುದೆಂದು ಮಣಿಸರದ ಚೀಲವನ್ನೂ ಹೊತ್ತುಕೊಂಡೇ ಬಂದಿದ್ದಳು. ಅಕ್ಕೋರು ನನ್ನ ಸರ್ಟಿಫಿಕೇಟುಗಳನ್ನು ಪಕ್ಕಕ್ಕೆ ಸರಿಸಿ, ಅವ್ವನ ಚೀಲದಿಂದ ಕೆಂಪು ಗಾಜಿನ ಸರವೊಂದನ್ನು ಎಳೆದು ನನ್ನ ಮುಖದ ಮುಂದೆ ಹಿಡಿದರು.

"ಇದು ಯಾಕ ಕೆಂಪ ಕಾಣತೈತಿ, ಹೇಳು."

ನಾನು ಪುಸ್ತಕದ್ದೇನೋ ನೆನಪಿಸಿಕೊಳ್ಳುತ್ತಿದ್ದೆ. ಅವ್ವ ಸುಮ್ಮನಿರಲಾರದೆ, "ಕೆಂಪ ಬಣ್ಣಾ ಹಾಕ್ಯಾರ, ಅದಕ್ಕರೀ. ನೀರಿಗೆ ಹೋಗೂದಿಲ್ರಿ, ಗ್ಯಾರಂಟಿ," ಎಂದಳು.

ಅಕ್ಕೋರು ಮನಸಾರೆ ನಕ್ಕರು. "ಬೆಳಕಿನ್ಯಾಗ ಎಲ್ಲಾ ಬಣ್ಣ ಇರತಾವ ನೋಡವಾ. ಈ ಮಣಿ ಉಳಿದದ್ದೆಲ್ಲಾ ನುಂಗಿ ಕೆಂಪೊಂದ ಹೊರಗ ಬಿಡತೈತಿ. ಅದು ಬಿಟ್ಟದ್ದನ್ನ ನಾವು ನೋಡತೀವಿ. ಆದ್ರ ಲ್ಯಾಬಿನ್ಯಾಗ ನಮಗ ಬೇಕಾದ್ದು ಅದು ನುಂಗಿದ್ದು. ಎಷ್ಟ ನುಂಗೇತಿ ಅನ್ನೂದರ ಮ್ಯಾಲೆ ಎಷ್ಟ ಐತಿ ಅಂತ ಹೇಳಬಹುದು."

ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ, "ಮಣಿ ನುಂಗತೈತಂತ! ಆ ಬಾಯಾರಿಗೆ ತಲಿ ನೆಟ್ಟಗ ಐತಿಲ್ಲೋ ತಂಗಿ?" ಎಂದಳು. ಆದರೆ ಮರುವಾರದಿಂದಲೇ ದಂಡೆಯ ಮೇಲೆ ಪ್ರತಿ ಸರವನ್ನೂ ಬಿಸಿಲಿಗೆ ಎತ್ತಿ ಹಿಡಿದು ತೋರಿಸಿ ಮಾರತೊಡಗಿದಳು. ವ್ಯಾಪಾರ ಚೆನ್ನಾಗಿಯೇ ಆಯಿತಂತೆ.

ನನ್ನ ಮೊದಲ ಪಾಠ ಕೋಕಂ ಶರಬತ್ತಿನಲ್ಲಿ ಆಯಿತು. ಒಂದೇ ಜಗ್ಗಿನ ಶರಬತ್ತನ್ನು ಸಣ್ಣ ಲೋಟಕ್ಕೆ ಸುರಿದರೆ ತಿಳಿಗೆಂಪು, ಜಗ್ಗಿನಲ್ಲಿ ಕಡುಗೆಂಪು. "ಶರಬತ್ತು ಬದಲಾತೇನು? ಇಲ್ಲ. ಬೆಳಕು ನಡಿಯೂ ದಾರಿ ಉದ್ದ ಆತು," ಎನ್ನುತ್ತ ಅವರು ಲೋಟಕ್ಕೆ ಇನ್ನೊಂದು ಚಮಚ ಕೋಕಂ ರಸ ಬೆರೆಸಿದರು. ಲೋಟವೂ ಕಡುಗೆಂಪಾಯಿತು. "ಈಗ ದಾರಿ ಅಷ್ಟ ಐತಿ, ದಾರ್ಯಾಗ ಮಂದಿ ಹೆಚ್ಚಾದ್ರು." ಹೀಗೆ ಹೇಳಿ ಎರಡನ್ನೂ ತಾವೇ ಕುಡಿದರು. ನಾನು ಮೂರು ವರ್ಷ ಓದಿ ಉರು ಹೊಡೆದದ್ದು ಅವತ್ತು ಅರ್ಥವಾಯಿತು.

ನಮ್ಮಲ್ಲಿದ್ದದ್ದು ಹಳೆಯ ಸ್ಪೆಕ್ಟ್ರೋಫೋಟೋಮೀಟರ್. ಒಂದು ದೀಪ, ಬೆಳಕಿನಿಂದ ಬೇಕಾದ ಬಣ್ಣವನ್ನು ಬೇರೆ ಮಾಡಿ ಕೊಡುವ ಏರ್ಪಾಡು, ಸ್ಯಾಂಪಲ್ ತುಂಬಿಡುವ ಕ್ಯುವೆಟ್ ಎಂಬ ಚೌಕ ನಳಿಗೆ, ಅದರಾಚೆ ಎಷ್ಟು ಬೆಳಕು ಪಾರಾಯಿತೆಂದು ಅಳೆಯುವ ಕಣ್ಣು, ಇಷ್ಟೇ ಅದರ ಸಂಸಾರ. ಅಕ್ಕೋರು ಅದನ್ನು "ಮುದುಕ" ಎನ್ನುತ್ತಿದ್ದರು. ಬೆಳಿಗ್ಗೆ ಅದರ ದೀಪ ಕಾದು ಸ್ಥಿರವಾಗುವವರೆಗೆ ಯಾರೂ ಒಂದು ಸ್ಯಾಂಪಲ್ಲನ್ನೂ ಮುಟ್ಟುವಂತಿರಲಿಲ್ಲ. ಹೊರಗೆ ಎಷ್ಟೇ ಗದ್ದಲವಿರಲಿ, "ಮುದುಕಂದು ಚಾ ಆಗಲಿ ತಡೀರಿ," ಎಂದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕ್ಯುವೆಟ್ಟಿನ ನಯವಾದ ಮೈಗೆ ಬೆರಳು ತಗುಲಿಸಿದವರನ್ನು ಅವರು ಬೈಯುತ್ತಿದ್ದ ಪರಿ ಕೇಳಿ ಪಕ್ಕದ ಔಷಧಿ ಅಂಗಡಿಯವರು ಇಣುಕುತ್ತಿದ್ದರು. "ನಿನ್ನ ಬೆರಳಿನ ಎಣ್ಣಿನೂ ಬೆಳಕ ನುಂಗತೈತಿ! ಆ ಮನಿಷ್ಯಾನ ರಕ್ತದ ಲೆಕ್ಕದಾಗ ನಿನ್ನ ತಲಿಗೆಣ್ಣಿ ಯಾಕ ಸೇರಸತಿ?" ನಮ್ಮ ಲ್ಯಾಬಿನ ಮಾಲೀಕರು ಗೋವಾದವರೇ ಆದ ಡಾಕ್ಟರು. ಇಲ್ಲಿ ಯಜಮಾನರನ್ನು ಪಾತ್ರಾಂವ್ ಎನ್ನುತ್ತಾರೆ. ಅವರು ಒಮ್ಮೆ ಅಗ್ಗವೆಂದು ಮಾಮೂಲಿ ಗಾಜಿನ ಕ್ಯುವೆಟ್ಟುಗಳನ್ನು ತರಿಸಿದ್ದರು. ಕೆಲವು ಪರೀಕ್ಷೆಗಳಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹಾಯಿಸಬೇಕು. ಆ ಬೆಳಕನ್ನು ಮಾಮೂಲಿ ಗಾಜೇ ನುಂಗಿಬಿಡುತ್ತದೆ. ಅಕ್ಕೋರು ಆ ಡಬ್ಬಿಯನ್ನು ಹಾಗೆಯೇ ಪಾತ್ರಾಂವರ ಮೇಜಿನ ಮೇಲಿಟ್ಟು, "ಇದರಾಗ ಪೆನ್ನು ಇಟಗೋರ್ರಿ," ಎಂದು ಬಂದರು. ಪಾಪ, ಅವರು ನಿಜವಾಗಿಯೂ ಪೆನ್ನು ಇಟ್ಟುಕೊಂಡರು. ಇವತ್ತಿಗೂ ಅಲ್ಲೇ ಇವೆ.

ಶನಿವಾರ ಚಹಾದ ಹೊತ್ತಿಗೆ ಮನಸ್ಸು ಬಂದರೆ ಕಾಲೇಜಿನ ಪಾಠ ಹೊರಬರುತ್ತಿತ್ತು. ಡಿಎನ್‌ಎಯ ಜೋಡಿ ಎಳೆಗಳನ್ನು ಕಾಯಿಸಿ ಬೇರೆ ಮಾಡಿದರೆ ಅದೇ ಡಿಎನ್‌ಎ ಮೊದಲಿಗಿಂತ ಹೆಚ್ಚು ಬೆಳಕನ್ನು ಹೀರುತ್ತದೆ ಎಂದರು ಒಮ್ಮೆ. ಯಾಕೆ ಎಂದು ಕೇಳಿದೆ. ಅವರು ನನ್ನನ್ನೂ ರಿಸೆಪ್ಶನ್ನಿನ ಹುಡುಗಿಯನ್ನೂ ತೋರಿಸಿ, "ನೀವಿಬ್ಬರೂ ಹೆಗಲಿಗೆ ಹೆಗಲ ಹಚ್ಚಿ ಕುಂತು ಗುಸುಗುಸು ಅನ್ನೂವಾಗ ನಾ ಕೂಗಿದ್ದು ಎಂದಾರ ಕೇಳೇತೇನು? ಒಬ್ಬೊಬ್ಬರನ್ನ ಒಂದೊಂದ ಮೂಲ್ಯಾಗ ಕುಂದರಿಸಿದ್ರ ಎಲ್ಲಾ ಕೇಳತೈತಿ. ಅವಕ್ಕೂ ಹಂಗ," ಎಂದರು. ಅಂದಿನಿಂದ ನಮ್ಮಿಬ್ಬರ ಕುರ್ಚಿಗಳು ಬೇರೆ ಬೇರೆ ಮೂಲೆ ಸೇರಿದವು. ಪಾಠದ ಜೊತೆಗೆ ಶಿಕ್ಷೆಯನ್ನೂ ಮುಗಿಸುವ ಜಾಣತನ ಅವರಲ್ಲಿತ್ತು.

ಅವರ ಒಂದು ಮಾತು ನಮ್ಮ ಲ್ಯಾಬಿನಲ್ಲಿ ಕಾನೂನಾಗಿತ್ತು. "ನಮಗ ಬೇಕಾದ ನಂಬರ್ ಬಂದ್ರ ಎರಡ ಸಲ ನೋಡಬೇಕು. ಬ್ಯಾಡಾದ ನಂಬರಿಗೆ ಯಾರೂ ಮರುಳ ಆಗೂದಿಲ್ಲ." ಆ ಮಾತಿನ ಬೆಲೆ ನನಗೆ ಗೊತ್ತಾದದ್ದು ಒಂದು ಶ್ರಾವಣದಲ್ಲಿ.

ವಾರಗಟ್ಟಲೆ ಮಳೆ ಹೊಡೆದು ಅವತ್ತು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಿಸಿಲು ಬಿದ್ದಿತ್ತು. ಗೋವಾದ ರೂಢಿಯಂತೆ ನಮ್ಮ ಲ್ಯಾಬೂ ಊಟದ ಹೊತ್ತಿಗೆ ಬಾಗಿಲು ಹಾಕಿ ಮೂರಕ್ಕೆ ತೆರೆಯುತ್ತದೆ. ತೆರೆದಾಗ ಮೆಟ್ಟಿಲ ಮೇಲೆ ಗಾರೆ ಕೆಲಸದ ಗೌಂಡಿಯೊಬ್ಬ ಕೂತಿದ್ದ. ಜುವಾರಿನಗರದ ಬಾಡಿಗೆ ಖೋಲಿಯಲ್ಲಿ ಇರುವವನು, ವಿಜಯಪುರದ ಕಡೆಯವನು. ಹೆಂಡತಿ ಹಡೆದು ಐದು ದಿನವಾಗಿತ್ತು. ಕೂಸಿನ ಮೈ ಹಳದಿಯಾಗಿದೆ ಎಂದು ಅಲ್ಲಿನ ಡಾಕ್ಟರು ರಕ್ತ ತೆಗೆದು, ಟ್ಯೂಬನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದರು. ಹುಟ್ಟಿದ ಕೂಸುಗಳಿಗೆ ಬರುವ ಕಾಮಣಿ, ಅಂದರೆ ಕಾಮಾಲೆ, ಅದು. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರುತ್ತದೆ. ಸ್ವಲ್ಪ ಏರಿದರೆ ತಾನಾಗಿ ಇಳಿಯುತ್ತದೆ. ಬಹಳ ಏರಿದರೆ ಮಿದುಳಿಗೇ ಹತ್ತಿ, ಕೂಸು ಉಳಿಯುವುದೇ ಕಷ್ಟ, ಉಳಿದರೂ ಕಿವಿ ಕೇಳಿಸದೆ, ಕೈಕಾಲು ಸ್ವಾಧೀನವಿಲ್ಲದೆ ಉಳಿಯಬಹುದು.

"ಲಗೂನ ನೋಡ್ರಿ ಅಕ್ಕಾರ," ಎಂದ ಅವನು. "ರಿಪೋರ್ಟ್ ಚಲೋ ಬಂದ್ರ ಸಂಜೀ ಬಸ್ಸಿಗೆ ಊರಿಗೆ ಹೊಂಟೇವ್ರಿ. ನಮ್ಮವ್ವ ಗಂಟು ಕಟ್ಯಾಳ."

ಗಡಿಯ ಮೊಲೆಂ ದಾಟಿ ಘಟ್ಟ ಹತ್ತಿದರೆ ಬೆಳಗಾಗುವವರೆಗೆ ಬಸ್ಸಿನಲ್ಲೇ ಪಯಣ. ನಾನು ಸೀರಮ್ ಬೇರ್ಪಡಿಸಿ ಮುದುಕನೊಳಗೆ ಇಟ್ಟೆ. ಹನ್ನೊಂದು ಬಂತು. ಐದು ದಿನದ ಕೂಸಿಗೆ ಭಯಪಡುವ ಅಂಕಿಯಲ್ಲ. "ಚಲೋ ಐತ್ರಿ ಅಕ್ಕೋರ," ಎಂದು ಖುಷಿಯಿಂದ ಕೂಗಿದೆ. ಹೊರಗೆ ಗೌಂಡಿ ಎದ್ದು ನಿಂತು ಎರಡೂ ಕೈ ಮುಗಿದ.

ಅಕ್ಕೋರು ಉಳಿದ ಸೀರಮ್ಮನ್ನು ತೆಗೆದುಕೊಂಡು ಕಿಟಕಿಗೆ ಹೋದರು. ಎಡಗಣ್ಣು ಮುಚ್ಚಿದರು. ಬಹಳ ಹೊತ್ತು ನೋಡಿದರು.

"ಹಳದಿ ಸರಿ. ಈ ಹಸರ ಛಾಯಾ ಎಲ್ಲಿಂದ ಬಂತು?"

ನನಗೇನೂ ಹಸಿರು ಕಾಣಲಿಲ್ಲ. ಅವರು ಸೀರಮ್ಮನ್ನು ಮತ್ತೆ ಮುದುಕನೊಳಗೆ ಇಟ್ಟು, ಈ ಸಲ ಒಂದೇ ಬಣ್ಣದ ಬೆಳಕಿಗೆ ನಿಲ್ಲಿಸದೆ, ನೇರಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳನ್ನೂ ಒಂದಾದ ಮೇಲೊಂದರಂತೆ ಹಾಯಿಸಿದರು. ಹಳದಿ ಬಿಲಿರುಬಿನ್ ನೀಲಿ ಬೆಳಕನ್ನು ನುಂಗುತ್ತದೆ, ಹಾಗಾಗಿ ಮುದುಕ ಕಾಗದದ ಮೇಲೆ ಎಳೆಯುವ ಗೆರೆ ನೀಲಿಯ ಜಾಗದಲ್ಲಿ ಗುಡ್ಡದಂತೆ ಏರಬೇಕು. ಏರಿತ್ತು. ಆದರೆ ಗುಡ್ಡದ ಮೈ ಕುಸಿದು, ಆಚೆ ಕೆಂಪಿನ ಕಡೆ, ಇರಬಾರದ ಜಾಗದಲ್ಲಿ, ಒಂದು ಸಣ್ಣ ದಿಬ್ಬ ಎದ್ದಿತ್ತು. ಅಕ್ಕೋರು ಕಾಗದ ಕೆಳಗಿಟ್ಟು ಹೊರಗೆ ಹೋದರು.

"ತಮ್ಮಾ, ಈ ಟ್ಯೂಬ್ ಹೆಂಗ ತಂದಿ?"

"ಪೈಲಟ್ ಮ್ಯಾಲೆ ಬಂದ್ನಿರಿ." ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಮೋಟರ್‌ಸೈಕಲ್ಲಿನವರನ್ನು ಗೋವಾದಲ್ಲಿ ಪೈಲಟ್ ಎನ್ನುತ್ತಾರೆ. "ಡಾಕ್ಟರ್ ಕರೀ ಕಾಗದದಾಗ ಸುತ್ತಿ ಕೊಟ್ಟಿದ್ರಿ."

"ಆ ಕಾಗದ ಎಲ್ಲಿ?"

ಅವನು ಜೇಬಿನಿಂದ ಮಡಚಿದ ಕಪ್ಪು ಕಾಗದ ತೆಗೆದ. ಬಹಳ ಜೋಪಾನವಾಗಿ ಮಡಚಿದ್ದ. "ನಾನ ಬಿಚ್ಚಿನ್ರಿ. ಎಳಿ ಬಿಸಲಿಗೆ ಹಿಡಿದ್ರ ಕೂಸಿನ ಕಾಮಣಿ ಇಳಿತೈತಿ ಅಂತ ನಮ್ಮವ್ವ ಒಂದ ಸವನ ಹೇಳಾಕತ್ತಿದ್ಲು. ಮಳಿ ನಿಲ್ಲವಲ್ದು, ಎಲ್ಲಿ ಬಿಸಲು? ಇಲ್ಲಿ ಬಂದು ಕುಂತ ಕೂಡ್ಲೆ ಬಿಸಲ ಬಿತ್ರಿ. ಕೂಸಂತೂ ಮನ್ಯಾಗ ಐತಿ. ಇದೂ ಅದರ ರಕ್ತನ ಅಲ್ರಿ? ಇದಕ್ಕರ ಬಿಸಲ ತಾಗಲಿ, ಅಷ್ಟರ ಚಲೋ ಆದೀತು ಅಂತ ಹಿಡಕೊಂಡ ಕುಂತಿದ್ನಿ."

ಲ್ಯಾಬು ತೆರೆಯುವವರೆಗೂ ಅವನು ಕೈ ಚಾಚಿ ಆ ಟ್ಯೂಬನ್ನು ಸೂರ್ಯನಿಗೆ ಹಿಡಿದುಕೊಂಡೇ ಕೂತಿದ್ದ. ಬೆಳಕು ತನ್ನ ಕೆಲಸ ಮಾಡಿತ್ತು. ಟ್ಯೂಬಿನಲ್ಲಿದ್ದ ಬಿಲಿರುಬಿನ್ನನ್ನು ಒಡೆದು, ಸ್ವಲ್ಪವನ್ನು ಹಸಿರಿಗೆ ತಿರುಗಿಸಿ, ನನ್ನ ಮುಂದೆ ಒಂದು ಸುಳ್ಳು ಹನ್ನೊಂದನ್ನು ತಂದಿಟ್ಟಿತ್ತು. ಕೂಸಿನ ಮೈಯಲ್ಲಿದ್ದದ್ದು ಎಷ್ಟು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಾತ್ರಾಂವ್ ಹೊರಬಂದು, "ಕಿತೆಂ ಜಾಲೆಂ ಬಾಯ್?" ಎಂದು ಏನಾಯಿತೆಂದು ವಿಚಾರಿಸಿದರು. ರಕ್ತ ಕಳಿಸಿದ ಡಾಕ್ಟರು ಫೋನಿನಲ್ಲಿ ಕಾಯುತ್ತಿದ್ದಾರೆ, ನಂಬರ್ ಚೆನ್ನಾಗಿದೆಯಲ್ಲ, ಹೇಳಿಬಿಡೋಣ ಎಂದರು. ಅಕ್ಕೋರು ತಾವೇ ಫೋನು ತೆಗೆದುಕೊಂಡು, "ರಿಪೋರ್ಟ್ ಇಲ್ಲ, ಮತ್ತೊಮ್ಮೆ ರಕ್ತ ಬೇಕು," ಎಂದರು. ಡಾಕ್ಟರು ಹೆರಿಗೆಯೊಂದಕ್ಕೆ ಹೊರಟು ನಿಂತಿದ್ದರು. ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ನಾವೇ ಹೋಗಿ ರಕ್ತ ತೆಗೆಯೋಣವೆಂದು ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಗೆ ಸೂಜಿಯ ಪೆಟ್ಟಿಗೆ ಕೊಟ್ಟರು. ತಮ್ಮ ಊಟದ ಡಬ್ಬಿಯ ಚಪಾತಿಗೆ ಸುತ್ತಿದ್ದ ಫಾಯಿಲನ್ನು ಬಿಚ್ಚಿ, ಒರೆಸಿ, ಪರ್ಸಿನಲ್ಲಿಟ್ಟುಕೊಂಡರು. ಅರವತ್ತರ ಹತ್ತಿರದ ಹೆಂಗಸು ಪೈಲಟ್ಟಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, "ಹೊಡಿ ತಮ್ಮಾ, ಕೆಡವಿದ್ರ ನಾ ನೋಡಕೋತೀನಿ," ಎಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನೂ ಗೌಂಡಿಯೂ ಇನ್ನೊಂದು ಪೈಲಟ್ಟಿನಲ್ಲಿ ಬೆನ್ನು ಹತ್ತಿದೆವು.

ಖೋಲಿಯಲ್ಲಿ ಗಂಟುಮೂಟೆ ಬಾಗಿಲಿಗೆ ಬಂದಿತ್ತು. ಐದನೆಯ ದಿನದ ಪೂಜೆ ಆಗಿತ್ತು. ಅಜ್ಜಿ ಕೂಸಿಗೆ ಎಣ್ಣೆ, ಅರಿಷಿಣ ತಿಕ್ಕಿ ಎರೆದು, ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಸೂಜಿ ನೋಡಿದವಳೇ ಕೂಸನ್ನು ಆ ಕಡೆ ತಿರುಗಿಸಿಕೊಂಡಳು.

"ಮುಂಜಾನೆ ಒಮ್ಮಿ ಚುಚ್ಯಾರ್ರಿ. ಮತ್ತ ಚುಚ್ಚಾಕ ಬಿಡೂದಿಲ್ಲ. ಹಳದಿ ಅಂತೀರಿ, ಅರಿಷಿಣಾ ಹಚ್ಚಿದ್ರ ಹಳದಿ ಕಾಣದ ಕರ್ರಗ ಕಾಣತೈತೇನ್ರಿ?"

ಬಾಣಂತಿ ಗೋಡೆಗೆ ಒರಗಿ ಗಂಡನ ಮುಖ ನೋಡುತ್ತಿದ್ದಳು. ಕೂಸು ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅಷ್ಟು ಜನ ಜೋರಾಗಿ ಮಾತಾಡುತ್ತಿದ್ದರೂ ಅದು ನಿದ್ದೆಯಿಂದ ಏಳಲೇ ಇಲ್ಲ.

ಅಕ್ಕೋರು ಬಾಯಿ ಮಾಡಲಿಲ್ಲ. ನೆಲದ ಮೇಲೆ ಅಜ್ಜಿಯ ಮಗ್ಗುಲಲ್ಲೇ ಕೂತರು. "ಖರೇ ಐತಿ ಯವ್ವಾ. ಅರಿಷಿಣದ್ದ ಇರಬಹುದು. ನೋಡೂಣಂತ. ನಿನ್ನ ಎಲಿ ಅಡಕಿ ಚೀಲದಾಗ ಸುಣ್ಣ ಐತಿ?"

ಅಜ್ಜಿ ಅನುಮಾನದಿಂದಲೇ ಸುಣ್ಣದ ಡಬ್ಬಿ ಕೊಟ್ಟಳು. ಅಕ್ಕೋರು ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಕೂಸಿನ ಎದೆ, ಹಣೆ ಒರೆಸಿ, ಆ ಬಟ್ಟೆಗೆ ಉಗುರಿನಷ್ಟು ಸುಣ್ಣ ಮುಟ್ಟಿಸಿದರು. ಬಟ್ಟೆ ಕೆಂಪಾಯಿತು. ಆರತಿಯ ನೀರನ್ನು ಅರಿಷಿಣ, ಸುಣ್ಣ ಕೂಡಿಸಿ ಕೆಂಪು ಮಾಡುವುದು ಯಾವ ಅಜ್ಜಿಗೆ ಗೊತ್ತಿಲ್ಲ? ಸುಣ್ಣದ ಕ್ಷಾರ ಸೇರಿದರೆ ಅರಿಷಿಣ ನುಂಗುವ ಬೆಳಕೇ ಬದಲಾಗುತ್ತದೆ.

"ಅರಿಷಿಣ ಇದ್ರ ಸುಣ್ಣಕ್ಕ ಕೆಂಪ ಆಗಬೇಕು, ಹೌದಿಲ್ಲೋ?"

"ಹೌದ್ರಿ," ಎಂದಳು ಅಜ್ಜಿ.

ಮತ್ತೆ ಒರೆಸಿದರು, ಸುಣ್ಣ ಮುಟ್ಟಿಸಿದರು. ತಿಳಿಗೆಂಪು. ಮತ್ತೆ ಒರೆಸಿದರು. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಮೆಲ್ಲಗೆ ಒರೆಸಿ, ಆಮೇಲೆ ಕೂಸಿನ ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಹಳದಿಯಾಗಿತ್ತು. ಎದೆ ಒತ್ತಿದರು, ಹಳದಿ. ಅಂಗಾಲು ಒತ್ತಿದರು, ಅಲ್ಲೂ ಹಳದಿ.

"ನಿನ್ನ ಅರಿಷಿಣ ಹೋತವಾ. ಈಗ ಇದು ಎಲ್ಲೀದು?"

ಅಜ್ಜಿ ಕೂಸಿನ ಹಣೆಯನ್ನು ತಾನೂ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಬಟ್ಟೆ ಸರಿಸಿ ಕೂಸಿನ ಕಾಲನ್ನು ತಾನೇ ನನ್ನ ಕಡೆ ಚಾಚಿದಳು. ನಾನು ಹಿಮ್ಮಡಿ ಒರೆಸಿ ರಕ್ತ ತೆಗೆದೆ.

ಚಪಾತಿಯ ಫಾಯಿಲು ಸುತ್ತಿದ ಆ ಟ್ಯೂಬನ್ನು ಅಕ್ಕೋರು ಸೆರಗಿನೊಳಗೆ ಹಿಡಿದುಕೊಂಡು ಲ್ಯಾಬಿಗೆ ತಂದರು. ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಮಬ್ಬಿನಲ್ಲೇ ಕೆಲಸ ಮಾಡಿಸಿದರು. ಇಪ್ಪತ್ತೆರಡು ಬಂತು, ಆ ಸುಳ್ಳು ಹನ್ನೊಂದರ ಎರಡು ಪಟ್ಟು. ಎರಡನೆಯ ಸಲ ನೋಡೋಣವೇ ಎಂದು ಕೇಳಿದೆ. "ಬ್ಯಾಡ, ಫೋನ್ ಮಾಡು," ಎಂದರು. ಪಾತ್ರಾಂವ್ ತಮ್ಮ ಕಾರಿನ ಕೀಲಿ ತೆಗೆದುಕೊಂಡು ಹೊರಟರು. ಕೂಸನ್ನು, ತಾಯಿಯನ್ನು, ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿ, ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದ ಮೇಲೆಯೇ ಅವರು ಮನೆಗೆ ಹೋದರಂತೆ. ಬಿಲಿರುಬಿನ್ ನೀಲಿ ಬೆಳಕನ್ನು ನುಂಗುತ್ತದೆಯೆಂದೇ ಆ ದೀಪ ನೀಲಿ. ನುಂಗಿದ ಬೆಳಕಿನಿಂದಲೇ ಅದು ರೂಪ ಬದಲಿಸಿ ಮೈಯಿಂದ ಹೊರಗೆ ಹೋಗುತ್ತದೆ.

ಮುಂದಿನ ವಾರ ಗೌಂಡಿ ಪೇಡೆ ತಂದ. ಕೂಸು ಅಳತೊಡಗಿದೆ, ಹಾಲು ಕುಡಿಯುತ್ತಿದೆ ಎಂದು ಹೇಳುವಾಗ ಅವನಿಗೆ ಅಳು ತಡೆಯಲಾಗಲಿಲ್ಲ. "ನಾ ಎಂಥಾ ಹುಚ್ಚ ಇದ್ದೇನ್ರಿ ಅಕ್ಕಾರ. ನನ್ನ ಕೈಯಾರೆ ಕೂಸಿನ ಜೀವಕ್ಕ ಕಲ್ಲ ಹಾಕತಿದ್ನಿ."

ನಾನು ಅವರ ಬೈಗುಳಕ್ಕೆ ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿದ್ದೆ. ಅಕ್ಕೋರು ಮೇಜಿನ ಈಚೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಹುಚ್ಚೇನೂ ಅಲ್ಲ ತಮ್ಮಾ. ಬೆಳಕಿಗೆ ಕಾಮಣಿ ಇಳಿಯೂದು ಖರೇನ ಐತಿ. ಟ್ಯೂಬ್ ನೆರಳಿನ್ಯಾಗ ಇರಬೇಕಿತ್ತು, ಕೂಸು ಬೆಳಕಿನ್ಯಾಗ ಇರಬೇಕಿತ್ತು. ನೀ ಅದಲಿ ಬದಲಿ ಮಾಡಿದಿ, ಅಷ್ಟ. ಮತ್ತ ಆ ಬೆಳಕು ದವಾಖಾನಿದ ಆಗಬೇಕು, ಅಂಗಳದ್ದಲ್ಲ. ನಿಮ್ಮವ್ವಗೂ ಹೇಳು."

ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ನೀ ಏನ ಬಾಯಿ ತಕ್ಕೊಂಡ ನಿಂತಿ? ಅಂವಾ ಟ್ಯೂಬ್ ಬಿಸಲಿಗೆ ಹಿಡಿದಿದ್ದ ಪ್ರೀತಿಗೆ. ನೀ ಕ್ಯುವೆಟ್ಟಿಗೆ ಬೆರಳ ಹಚ್ಚೂದು ಆಲಸ್ಯಕ್ಕ," ಎಂದರು. ಮರುದಿನ ಮನೆಯಿಂದ ಫಾಯಿಲಿನ ಹೊಸ ಸುರುಳಿ ತಂದು ಫ್ರಿಜ್ಜಿನ ಮೇಲಿಟ್ಟರು. ಆ ಕೂಸು ಈಗ ಶಾಲೆಗೆ ಹೋಗುತ್ತದೆ. ಒಂದು ಸಲ ಅಪ್ಪನ ಜೊತೆ ಲ್ಯಾಬಿಗೆ ಬಂದು, ಕಿಟಕಿಯ ಹತ್ತಿರ ನಿಂತ ಅಕ್ಕೋರನ್ನು ನೋಡಿ ತಾನೂ ಒಂದು ಕಣ್ಣು ಮುಚ್ಚಿಕೊಂಡಿತು.

ಆಮೇಲೆ ನಮ್ಮಲ್ಲಿ ದೊಡ್ಡ ಆಟೊಮ್ಯಾಟಿಕ್ ಮಷೀನು ಬಂತು. ಟ್ಯೂಬು ಇಟ್ಟರೆ ಸಾಕು, ತಾನೇ ಹೀರಿ, ತಾನೇ ಅಳೆದು, ನಂಬರು ಕೊಡುತ್ತದೆ. ಅಕ್ಕೋರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆವು. ಅವರು ಇಂಜಿನಿಯರನಿಂದ ಅದರ ಮುಚ್ಚಳ ತೆಗೆಸಿ, ಟಾರ್ಚ್ ಹಾಕಿ ಒಳಗೆಲ್ಲ ನೋಡಿ, "ಇಲ್ಲೂ ಒಂದು ದೀಪ, ಒಂದು ನಳಗಿ, ಒಂದು ಕಣ್ಣು. ನಮ್ಮ ಮುದುಕನ ಮೊಮ್ಮಗ ಇದು," ಎಂದು ಒಪ್ಪಿಕೊಂಡರು. ನಿವೃತ್ತಿಯ ದಿನ ಭಾಷಣ ಮಾಡಿರೆಂದರೆ ಎದ್ದು ನಿಂತು, "ಕಿಟಕಿ ಮುಂದ ಕಪಾಟ ಇಡಬ್ಯಾಡ್ರಿ," ಎಂದಷ್ಟೇ ಹೇಳಿ ಕೂತರು.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರೇ ಬಂದರು. ಸೀರೆಯೊಳಗೆ ಮೈ ಅರ್ಧವಾಗಿತ್ತು. ಕಣ್ಣಿನ ಬಿಳಿ ಹಳದಿಯಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ತೋಳು ಚಾಚಿದರು, ರಕ್ತ ತೆಗೆದೆ. ನಾನು ಫ್ರಿಜ್ಜಿನ ಮೇಲಿನ ಸುರುಳಿಗೆ ಕೈ ಚಾಚುವಷ್ಟರಲ್ಲಿ ಅವರು ಪರ್ಸಿನಿಂದ ಮಡಚಿದ ಫಾಯಿಲಿನ ತುಂಡು ತೆಗೆದು, ಟ್ಯೂಬಿಗೆ ತಾವೇ ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟರು. "ನಾ ಹೊರಗ ಕುಂತಿರತೀನಿ," ಎಂದು ಹೋದರು.

ಪರದೆ ಎಳೆದು ಟ್ಯೂಬನ್ನು ಇಟ್ಟೆ. ಬಂದ ನಂಬರನ್ನು ನೋಡಿ, ಹೊಸ ಮಷೀನಿಗೆ ಏನೋ ಆಗಿದೆ ಎಂದುಕೊಂಡು ಮತ್ತೊಮ್ಮೆ ಹಾಕಿದೆ. ಆಮೇಲೆ ಮೂಲೆಯಲ್ಲಿದ್ದ ಮುದುಕನನ್ನು ಹಚ್ಚಿ, ಅದರ ದೀಪ ಕಾಯುವವರೆಗೆ ಕಾದು, ಅದರಲ್ಲೂ ನೋಡಿದೆ. ಮೂರೂ ಒಂದೇ. ಪಿತ್ತ ಇಳಿಯುವ ದಾರಿಯನ್ನು ಒಳಗೆ ಏನೋ ಬೆಳೆದು ಕಟ್ಟಿಬಿಟ್ಟಿದೆ ಎಂದು ಹೇಳುವ ನಂಬರು ಅದು. ಮುಖ ತೊಳೆದುಕೊಂಡು ಹೊರಗೆ ಹೋದೆ.

ಅಕ್ಕೋರು ಮೆಟ್ಟಿಲ ಮೇಲೆ, ಆ ಗೌಂಡಿ ಕೂತಿದ್ದ ಜಾಗದಲ್ಲೇ, ಮುಖವನ್ನು ಬಿಸಿಲಿಗೆ ಕೊಟ್ಟು ಕೂತಿದ್ದರು.

"ಎಷ್ಟ ಸಲ ಹಚ್ಚಿದಿ?"

"ಮೂರ ಸಲರೀ."

"ಬೇಕಾದ ನಂಬರಿಗೆ ಎರಡ ಸಲ ಅಂತ ಕಲಿಸಿದ್ನಿ. ಬ್ಯಾಡಾದ್ದಕ್ಕ ಮೂರು ಸಲ ಹಚ್ಚೂದು ಯಾರ ಕಲಿಸಿದ್ರು?"

ಅವರ ಪಕ್ಕ ಕೂತು ನಂಬರು ಹೇಳಿದೆ. ಅವರು ತಲೆದೂಗಿದರು, ವಿದ್ಯಾರ್ಥಿ ಸರಿಯಾದ ಉತ್ತರ ಕೊಟ್ಟಾಗ ತಲೆದೂಗುತ್ತಿದ್ದ ಹಾಗೆಯೇ. ಇಂಥ ಕಾಮಣಿಗೆ ಬಿಸಿಲೂ ಮದ್ದಲ್ಲ, ನೀಲಿ ದೀಪವೂ ಮದ್ದಲ್ಲ. ಅದು ನನಗೆ ಗೊತ್ತಿತ್ತು, ನನಗೆ ಕಲಿಸಿದ ಅವರಿಗೂ ಗೊತ್ತಿತ್ತು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಒಳಗೆ ಬನ್ನಿ, ಬಿಸಿಲು ಬಹಳ ಇದೆ ಎಂದೆ.

ಅವರು ಏಳಲಿಲ್ಲ. ಎಡಗಣ್ಣು ಮುಚ್ಚಿ ನನ್ನನ್ನು ನೋಡಿ ನಕ್ಕರು.

"ಇರಲಿ ಬಿಡು. ಟ್ಯೂಬ್ ಒಳಗೈತಿ, ನಾ ಬೆಳಕಿನ್ಯಾಗ ಅದೀನಿ. ಈ ಸಲ ಅದಲಿ ಬದಲಿ ಆಗಿಲ್ಲ ನೋಡು."